ತಾತನ ಜನತಾ, ನಮ್ಮ ಸ್ಪೀಕರ್ ಮತ್ತು ರೋಲೆಕ್ಸ್

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಶುರುವಾಗೋ ಜಗಳಗಳಲ್ಲಿ ಇದೂ ಒಂದು: ರೋಲೆಕ್ಸ್ ದೊಡ್ಡದಾ, ಒಮೆಗಾ ದೊಡ್ಡದಾ, ಇಲ್ಲಾ ಗ್ರ್ಯಾಂಡ್ ಸೇಕೊನಾ? ನಮ್ಮ ನಾಲ್ವರಲ್ಲಿ ಯಾರ ಹತ್ತಿರವೂ ಇವು ಯಾವುದೂ ಇಲ್ಲ. ನಮಗೆ ಕೈಗೆ ಸಿಕ್ಕಿದ್ದು ಒಂದು ಎಚ್‌ಎಂಟಿ ಜನತಾ ಮಾತ್ರ. ಅದೂ ಬನಶಂಕರಿಯಲ್ಲಿರುವ ಗೆಳೆಯನ ತಾತನದು, ಮದುವೆಗೆ ಅವರ ಮಾವ ಕೊಟ್ಟಿದ್ದು.

ವಾಚ್ ಹೋಲಿಸುವಾಗ ಬೆಲೆ ಬಿಟ್ಟು ಬೀಟ್‌ನಿಂದ ಶುರು ಮಾಡಿ. ಜನತಾ ಗಂಟೆಗೆ 18,000 ಸಲ ಬಡಿಯುತ್ತೆ, ಅಂದರೆ ಸೆಕೆಂಡಿಗೆ 5. ಈಗಿನ ಬಹುತೇಕ ರೋಲೆಕ್ಸ್‌ಗಳು 28,800, ಗ್ರ್ಯಾಂಡ್ ಸೇಕೊದ ಹೈ-ಬೀಟ್ 36,000. ಬೀಟ್ ಜಾಸ್ತಿಯಾದಷ್ಟೂ ಕೈ ಅಲ್ಲಾಡಿದಾಗ ಆಗುವ ತಪ್ಪು ಬೇಗ ಸರಿಹೋಗುತ್ತೆ, ಆದರೆ ಸವೆತವೂ ಜಾಸ್ತಿ. ಇನ್ನು ಕ್ವಾರ್ಟ್ಜ್ ವಾಚ್‌ನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಈ ವಿಚಿತ್ರ ಸಂಖ್ಯೆ ಯಾಕೆ ಅಂದ್ರೆ, ಅದು ಎರಡರ 15ನೇ ಘಾತ. ಹದಿನೈದು ಫ್ಲಿಪ್-ಫ್ಲಾಪ್ ಸಾಲಾಗಿ ಇಟ್ಟರೆ ಸೆಕೆಂಡಿಗೆ ಒಂದು ಪಲ್ಸ್! ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕ್ಲಾಸಲ್ಲಿ ಇದನ್ನು ಮೊದಲೇ ಹೇಳಿದ್ದರೆ ನಾವು ನಿದ್ದೆ ಮಾಡ್ತಿರಲಿಲ್ಲ.

ನಂತರ ನಿಖರತೆ. ರೋಲೆಕ್ಸ್ ದಿನಕ್ಕೆ 2 ಸೆಕೆಂಡ್ ಹಿಂದೆ ಮುಂದೆ ಅನ್ನುತ್ತೆ. ಒಮೆಗಾ ಮಾಸ್ಟರ್ ಕ್ರೋನೋಮೀಟರ್ ಹಿಂದೆ ಬೀಳಲ್ಲ, 5 ಸೆಕೆಂಡಿನೊಳಗೆ ಮುಂದೆ ಹೋಗಬಹುದು. ದಿನಕ್ಕೆ 20 ಸೆಕೆಂಡ್ ತಪ್ಪುವ ಹಳೇ ವಾಚನ್ನು ನೋಡಿ ನಗಬೇಡಿ. ದಿನದಲ್ಲಿ 86,400 ಸೆಕೆಂಡ್ ಇದೆ, ತಪ್ಪು ಶೇಕಡಾ 0.023 ಅಷ್ಟೇ. ನಮ್ಮ ಲ್ಯಾಬ್ ರೆಕಾರ್ಡಲ್ಲಿ ಶೇಕಡಾ 5 ಬಂದರೆ ಹಬ್ಬ.

ಆದರೆ ತಾತನ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಒಂಬತ್ತು ನಿಮಿಷ ಮುಂದೆ ಓಡೋಕೆ ಶುರುಮಾಡಿತು. ಮೊದಲು ತೋರಿಸಿದ ಅಂಗಡಿಯಲ್ಲಿ "ಮಷಿನ್ ಹೋಗಿದೆ, ಬೇರೆ ಹಾಕಿ ಡಯಲ್ಲೂ ಹೊಸದು ಮಾಡಿಕೊಡ್ತೀವಿ" ಅಂದರು. ತಾತ "ಆಯ್ತಪ್ಪ, ಮಾಡ್ಸಿ" ಅಂದುಬಿಟ್ಟರು. ನಾವೂ ತಲೆ ಅಲ್ಲಾಡಿಸಿದ್ವಿ. ಅಡ್ವಾನ್ಸ್ ಕೊಡೋಕೆ ಜೇಬಲ್ಲಿ ದುಡ್ಡಿರಲಿಲ್ಲ, ಅದೇ ವಾಚನ್ನು ಉಳಿಸಿದ್ದು.

ಮಾರನೇ ದಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಬ್ಬ ವಯಸ್ಸಾದ ರಿಪೇರಿಯವರ ಹತ್ತಿರ ಹೋದ್ವಿ. ಅವರು ವಾಚ್ ಬಿಚ್ಚಲೇ ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ ದಿಕ್ಸೂಚಿ ಇಟ್ಟರು. ಮುಳ್ಳು ಗಿರ್ರನೆ ತಿರುಗಿತು. "ಯಾವುದಾದ್ರೂ ಮ್ಯಾಗ್ನೆಟ್ ಪಕ್ಕ ಇಡ್ತೀರಾ?" ಅಂದರು. ನಾವು ಮುಖ ಮುಖ ನೋಡಿಕೊಂಡ್ವಿ. ತಾತನ ಹುಟ್ಟುಹಬ್ಬಕ್ಕೆ ಬ್ಲೂಟೂತ್ ಸ್ಪೀಕರ್ ಕೊಡಿಸಿದ್ದು ನಾವೇ. ಅವರು ರಾತ್ರಿ ವಾಚ್ ಬಿಚ್ಚಿಡ್ತಿದ್ದುದು ಅದರ ಮೇಲೇ.

ಆಗಿದ್ದಿಷ್ಟು: ಬ್ಯಾಲೆನ್ಸ್ ಚಕ್ರವನ್ನು ಹಿಂದೆ ಮುಂದೆ ಆಡಿಸೋ ಕೂದಲೆಳೆಯಂಥ ಸ್ಪ್ರಿಂಗ್‌ಗೆ ಅಯಸ್ಕಾಂತ ಗುಣ ಬಂದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆಲಸ ಮಾಡುವ ಉದ್ದ ಕಮ್ಮಿಯಾಗುತ್ತೆ, ಸ್ಪ್ರಿಂಗ್ ಬಿಗಿಯಾಗುತ್ತೆ, ವಾಚ್ ಓಡುತ್ತೆ. ಅವರು ಡಿಮ್ಯಾಗ್ನೆಟೈಜರ್ ಬಟನ್ ಒತ್ತಿ, ವಾಚನ್ನು ಅದರ ಮೇಲಿಂದ ಮೆಲ್ಲಗೆ ಎತ್ತಿದರು. ಅಷ್ಟೇ. ಒಮೆಗಾದವರು ಸಿಲಿಕಾನ್ ಸ್ಪ್ರಿಂಗ್ ಹಾಕಿ 15,000 ಗಾಸ್ ತಡೆಯುತ್ತೆ ಅಂತ ಯಾಕೆ ಕೊಚ್ಚಿಕೊಳ್ಳುತ್ತಾರೆ ಅಂತ ನಮಗೆ ಅರ್ಥವಾಗಿದ್ದು ಆವತ್ತೇ.

ಡಯಲ್ ಬದಲಿಸಬೇಡಿ ಅಂದಿದ್ದೂ ಅವರೇ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಜಾಲಹಳ್ಳಿಯಲ್ಲಿ ವಾಚ್ ಮಾಡೋಕೆ ಶುರುಮಾಡಿತು. ಹೊಸೂರಿನ ಟೈಟಾನ್ ಕ್ವಾರ್ಟ್ಜ್ ತಂದ ಮೇಲೆ ಸೋಲುತ್ತಾ ಬಂದು, 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಹಾಗಾಗಿ ಈಗ ಮೂಲ ಡಯಲ್‌ಗೇ ಬೆಲೆ, ಕಲೆಯಿದ್ದರೂ ಸರಿ. ಆನ್‌ಲೈನಲ್ಲಿ ಗಿಳಿಹಸಿರು, ಕಿತ್ತಳೆ ಬಣ್ಣದಲ್ಲಿ ಥಳಥಳ ಅನ್ನೋ "ಹಳೇ ಜನತಾ" ಕಂಡರೆ ಬಹುತೇಕ ಮತ್ತೆ ಬಣ್ಣ ಬಳಿದದ್ದು ಅಂದುಕೊಳ್ಳಿ.

ಈಗ ಫೋನಿನ ಮೈಕ್ ಪಕ್ಕ ಇಟ್ಟು ಆ್ಯಪ್‌ನಲ್ಲಿ ಅಳೆದರೆ ಮಲಗಿಸಿದಾಗ ದಿನಕ್ಕೆ 14 ಸೆಕೆಂಡ್ ಮುಂದೆ, ನಿಲ್ಲಿಸಿದಾಗ 9 ಹಿಂದೆ. ಸ್ಪೀಕರ್ ಹಾಲ್‌ಗೆ ಹೋಗಿದೆ, ವಾಚ್ ಕಿಟಕಿ ಪಕ್ಕ. ಕಾಫಿಗೆ ಮುಂಚೆ ತಾತನೇ ಕೀ ಕೊಡ್ತಾರೆ. ಬೆರಳು ನಡುಗಿದ ದಿನ ಮೊಮ್ಮಗ.