ಕ್ರಯಪತ್ರ ನೋಂದಣಿ: ಎಡವದಿರಲು ಒಂಬತ್ತು ಸೂತ್ರಗಳು

ಜೀವಮಾನದ ಉಳಿತಾಯ ಸುರಿದು ನಿವೇಶನವನ್ನೋ ಎರಡು ಎಕರೆ ಜಮೀನನ್ನೋ ಕೊಳ್ಳುವ ಎಷ್ಟೋ ಜನ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಬಿದ್ದರೆ ಆಸ್ತಿ ತಮ್ಮದಾಯಿತು ಎಂದು ನಿಶ್ಚಿಂತರಾಗುತ್ತಾರೆ. ಆದರೆ ಅಲ್ಲಿ ನೋಂದಣಿಯಾಗುವುದು ಪತ್ರ ಮಾತ್ರ. ಮಾರುವವರ ಹಕ್ಕು ಗಟ್ಟಿಯೋ ಪೊಳ್ಳೋ ಎಂದು ತೀರ್ಮಾನಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಪರೀಕ್ಷಿಸುವ ಹೊಣೆ ಕೊಳ್ಳುವವರದು. ಅದಕ್ಕಾಗಿ ಕರ್ನಾಟಕದಲ್ಲಿ ಆಸ್ತಿ ಕೊಳ್ಳುವವರಿಗೆ ಈ ಸೂತ್ರಗಳು.

1. ಮುಂಗಡ ಕೊಡುವ ಮೊದಲೇ ಇ.ಸಿ. ಓದಿ
ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) ಕನಿಷ್ಠ 30 ವರ್ಷಗಳಿಗೆ ತೆಗೆಸಿ. 2004ರ ಏಪ್ರಿಲ್ ನಂತರದ ವಿವರ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಪುಸ್ತಕಗಳನ್ನು ಹುಡುಕಿಸಬೇಕು. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು ಅಲ್ಲಿ ಸಿಗುವುದಿಲ್ಲ. ನ್ಯಾಯಾಲಯದಲ್ಲಿರುವ ದಾವೆಯೂ ಸಿಗದೇ ಹೋಗಬಹುದು. ಊರಿನವರನ್ನು, ಅಕ್ಕಪಕ್ಕದ ಹಿಡುವಳಿದಾರರನ್ನು ವಿಚಾರಿಸಿ.

2. ಸಹಿ ಹಾಕಬೇಕಾದವರು ಒಬ್ಬರೂ ಬಿಟ್ಟುಹೋಗದಿರಲಿ
ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ‘ತಂಗಿಗೆ ಮದುವೆ ಮಾಡಿ ಕಳಿಸಿದ್ದೇವೆ, ಅವಳ ಸಹಿ ಯಾಕೆ’ ಎನ್ನುವ ಅಣ್ಣಂದಿರ ಮಾತಿಗೆ ತಲೆಯಾಡಿಸಿದರೆ ನಾಳೆ ಪಾಲಿನ ದಾವೆಯಲ್ಲಿ ನೀವೂ ಪ್ರತಿವಾದಿ.

3. ಮಂಜೂರಾದ ಜಮೀನೇ ಎಂದು ನೋಡಿ
ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಬಡ ಕುಟುಂಬಗಳ ನೆಲ ಕೈತಪ್ಪದಿರಲಿ ಎಂದೇ ಬಂದ ಕಾನೂನು ಇದು. ಹಳೆಯ ಪಹಣಿ, ಮಂಜೂರಾತಿ ಕಡತ ನೋಡದೆ ಮುಂದುವರಿಯಬೇಡಿ.

4. ಖಾತೆ, ಪಹಣಿ ಮಾರುವವರ ಹೆಸರಿನಲ್ಲೇ ಇರಲಿ
ನಿವೇಶನ, ಮನೆಗಳ ನೋಂದಣಿಗೆ ಈಗ ಇ-ಖಾತೆ ಬೇಕೇಬೇಕು. ನಗರಗಳಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ಮೂಲಕ ಅದು ಸಿಗುತ್ತದೆ. ಕೃಷಿ ಜಮೀನಿಗೆ ಪಹಣಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ. ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ, ಆಮೇಲೆ ಕ್ರಯ.

5. ಷೆಡ್ಯೂಲನ್ನು ಸ್ಥಳದಲ್ಲೇ ನಿಂತು ಓದಿ
ಪತ್ರದ ಜೀವ ಇರುವುದು ಆಸ್ತಿಯ ವಿವರ ಬರೆದ ಈ ಭಾಗದಲ್ಲಿ. ಎಷ್ಟೋ ಸಲ ಹಳೆಯ ಪತ್ರದ ಚಕ್ಕುಬಂದಿಯನ್ನೇ ಹೊಸದಕ್ಕೆ ಇಳಿಸಿರುತ್ತಾರೆ. ಪೂರ್ವಕ್ಕೆ ಯಾರದೋ ಜಮೀನು ಎಂದು ಬರೆದಿರುತ್ತದೆ. ಹೋಗಿ ನೋಡಿದರೆ ಅಲ್ಲಿ ರಸ್ತೆ, ಮೂಲೆಯಲ್ಲಿ ಇನ್ಯಾರದೋ ಮನೆ. ಪತ್ರದ ಕರಡು ಹಿಡಿದು ನಾಲ್ಕೂ ದಿಕ್ಕಿಗೆ ನಡೆಯಿರಿ, ಟೇಪು ಹಿಡಿದು ಉದ್ದಗಲ ಅಳೆಯಿರಿ. ಸರ್ವೆ ನಂಬರ್ 45/2 ಎಂಬುದು 45/12 ಆದರೆ ನೀವು ಕೊಂಡದ್ದೇ ಬೇರೆ ಜಮೀನು. ತಿದ್ದುಪಡಿ ಪತ್ರ ಮಾಡಿಸಬಹುದು. ಆದರೆ ಅದಕ್ಕೆ ಮಾರಿದವರೂ ಮತ್ತೆ ಬಂದು ಸಹಿ ಹಾಕಬೇಕು. ಹಣ ಎಣಿಸಿಕೊಂಡವರನ್ನು ಮತ್ತೆ ಕರೆತರುವುದು ಸುಲಭವಲ್ಲ.

6. ನಿಜವಾದ ಬೆಲೆ ಬರೆಸಿ
ಸರ್ಕಾರದ ಮಾರ್ಗಸೂಚಿ ಬೆಲೆ, ನೀವು ಕೊಡುವ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಪಟ್ಟಣದಲ್ಲಿ 50 ಲಕ್ಷ ರೂಪಾಯಿಯ ನಿವೇಶನಕ್ಕೆ ಮುದ್ರಾಂಕ ಶುಲ್ಕ ಶೇ 5ರಂತೆ 2,50,000, ಉಪಕರಗಳು 30,000, ನೋಂದಣಿ ಶುಲ್ಕ 1,00,000. ಒಟ್ಟು 3,80,000 ರೂಪಾಯಿ. ಈ ಹಣವನ್ನು ಮೊದಲೇ ಎತ್ತಿಡಿ. ಬೆಲೆ ಇಳಿಸಿ ಬರೆಸಿದರೆ, ನಾಳೆ ಕ್ರಯ ರದ್ದಾದಾಗ ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೀರಿದ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ನಿವೇಶನ, ಮನೆಯ ಬೆಲೆ 50 ಲಕ್ಷ ಮುಟ್ಟಿದರೆ ಶೇ 1ನ್ನು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದೂ ಕೊಳ್ಳುವವರ ಹೊಣೆ.

7. ಹೆಬ್ಬೆಟ್ಟಿಗೆ ಮುನ್ನ ಕೊನೆಯ ಓದು
ಕಾವೇರಿ-2ರಲ್ಲಿ ಕರಡು ಏರಿಸಿ, ಕಚೇರಿ ಅದನ್ನು ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತುಮಾಡಿಕೊಳ್ಳಬೇಕು. ಆ ದಿನ ಮೂಲ ಗುರುತಿನ ಚೀಟಿ, ಪ್ಯಾನ್, ಇಬ್ಬರು ಸಾಕ್ಷಿಗಳು ಜೊತೆಗಿರಲಿ. ಫೋಟೊ, ಬೆರಳಚ್ಚಿನ ಸರದಿ ಬಂದಾಗ ‘ಬೇಗ ಬೇಗ’ ಎಂದು ಯಾರು ಅವಸರಿಸಿದರೂ ಹೆಸರು, ವಿಸ್ತೀರ್ಣ, ಮೊತ್ತ ಮತ್ತೊಮ್ಮೆ ನೋಡಿ.

8. ನಾಲ್ಕು ತಿಂಗಳ ಗಡುವು ಮೀರಬೇಡಿ
1908ರ ನೋಂದಣಿ ಕಾಯ್ದೆಯಂತೆ ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ಹಾಜರುಪಡಿಸಬೇಕು. ತಡೆಯಲಾಗದ ಕಾರಣವಿದ್ದರೆ ದಂಡ ತೆತ್ತು ಇನ್ನೂ ನಾಲ್ಕು ತಿಂಗಳು ಸಿಗಬಹುದು. ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ಹೋಗುತ್ತದೆ. ಶುಲ್ಕ ಉಳಿಸಲು ಕ್ರಯಪತ್ರದ ಬದಲು ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಳ್ಳಿ ಎನ್ನುವವರ ಮಾತು ಕೇಳಬೇಡಿ. ಹಾಗೆ ಕೊಂಡರೆ ಮಾಲೀಕತ್ವ ಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

9. ಖಾತೆ ನಿಮ್ಮ ಹೆಸರಿಗೆ ಬರುವವರೆಗೂ ಬೆನ್ನು ಬಿಡಬೇಡಿ
ಕೃಷಿ ಜಮೀನಾದರೆ ನೋಂದಣಿಯ ಮಾಹಿತಿ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶಕ್ಕೆ ಹೋಗಿ, ಆಕ್ಷೇಪಣೆಯ ಅವಧಿ ಕಳೆದು ಹಕ್ಕು ಬದಲಾವಣೆ (ಎಂ.ಆರ್.) ಆಗುತ್ತದೆ. ನಿವೇಶನವಾದರೆ ಪಂಚಾಯಿತಿ ಅಥವಾ ಪಾಲಿಕೆಯಲ್ಲಿ ಖಾತೆ ಬದಲಾವಣೆ ಆಗಿದೆಯೇ ಎಂದು ವಿಚಾರಿಸಿ. ಹೊಸ ಇ.ಸಿ. ತೆಗೆಸಿ, ನಿಮ್ಮ ಹೆಸರು ಸರಿಯಾಗಿ ಬಂದಿದೆಯೇ ನೋಡಿ. ಖಾತೆ ತೆರಿಗೆಗೆ, ಕ್ರಯಪತ್ರ ಹಕ್ಕಿಗೆ, ಎರಡೂ ಬೇಕು.

ಪತ್ರ ಬರಹಗಾರರು, ವಕೀಲರು, ಮಧ್ಯವರ್ತಿಗಳು ನೆರವಾಗುತ್ತಾರೆ. ಆದರೆ ನಷ್ಟವಾದರೆ ಅದನ್ನು ಹೊರಬೇಕಾದವರು ನೀವೇ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿ. ತಿಳಿಯದ ಒಂದು ಸಾಲು ಉಳಿದಿದ್ದರೂ ಸಹಿ ಹಾಕಬೇಡಿ.