ಪೋಸ್ಟಿಂಗ್ ನಡುವೆ ಡ್ರಗ್ಸ್ ಟೆಸ್ಟ್: ಇಂಟರ್ನ್‌ಗಳಿಗೂ ಪಾಲಕರಿಗೂ ಗೊತ್ತಿರಲಿ

2023ರ ಜನವರಿಯಲ್ಲಿ ಮಂಗಳೂರು ಪೊಲೀಸರು ಗಾಂಜಾ ಪ್ರಕರಣದಲ್ಲಿ ವೈದ್ಯರನ್ನೂ ವೈದ್ಯ ವಿದ್ಯಾರ್ಥಿಗಳನ್ನೂ ಬಂಧಿಸಿದಾಗ ಅದು ಕರಾವಳಿಯ ಮಾತು ಎಂದುಕೊಂಡವರು ಇಲ್ಲಿ ಕಲಬುರಗಿಯಲ್ಲಿ ಹಲವರು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಕಾಳಗಿ ತಾಲೂಕಿನ ತಾಂಡಾವೊಂದರ ಕುರಿ ಫಾರ್ಮ್‌ನಲ್ಲಿ ನೆಲದಡಿ ಹೂತಿಟ್ಟಿದ್ದ 1,300 ಕಿಲೊಗೂ ಹೆಚ್ಚು ಗಾಂಜಾ ಸಿಕ್ಕಿತ್ತು. ಎರಡು ವರ್ಷದ ಬಳಿಕ ಗಾಂಜಾ ಜಾಡು ಹಿಡಿದು ಮಹಾರಾಷ್ಟ್ರ ಗಡಿ ದಾಟಿದ ನಮ್ಮ ಸಿಪಿಐ ಶ್ರೀಮಂತ ಇಲ್ಲಾಳ ಅವರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಜಿಮ್ಸ್, ಇಎಸ್‌ಐಸಿ, ಎಂ.ಆರ್. ಮೆಡಿಕಲ್, ಕೆಬಿಎನ್ ಎಂದು ಒಂದೇ ಊರಿನಲ್ಲಿ ಇಷ್ಟು ವೈದ್ಯಕೀಯ ಕಾಲೇಜುಗಳಿರುವಾಗ, ವಾರ್ಡಿನಲ್ಲಿ ರೋಗಿಯ ಕೈ ಹಿಡಿಯುವ ಹುಡುಗ-ಹುಡುಗಿಯರನ್ನು ಆಗಾಗ ಪರೀಕ್ಷಿಸಬೇಕೆನ್ನುವುದು ತಪ್ಪಲ್ಲ. ಪರೀಕ್ಷೆ ಸರಿಯಾಗಿ ನಡೆಯಬೇಕು, ಅಷ್ಟೆ. ಒಂದು ಸ್ಟ್ರಿಪ್‌ನ ಗೆರೆ ನೋಡಿ ಯಾರ ಭವಿಷ್ಯವನ್ನೂ ಬರೆಯಬಾರದು.

ಸಹಿ ಹಾಕುವ ಮುಂಚೆ

ವೈದ್ಯ ವಿದ್ಯಾರ್ಥಿಗಳಿಗೆ ಇಂಥ ಪರೀಕ್ಷೆ ಕಡ್ಡಾಯವೆಂದು 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಾಲೇಜಿಗೆ ಆಧಾರವಾಗುವುದು ತನ್ನದೇ ನಿಯಮ ಮತ್ತು ಪ್ರವೇಶದ ವೇಳೆ ನೀವು ಬರೆದುಕೊಟ್ಟ ಮುಚ್ಚಳಿಕೆ. ಅದರ ಪ್ರತಿ ತೆಗೆದು ಒಮ್ಮೆ ಓದಿ. ಒಪ್ಪಿಗೆ ಪತ್ರದಲ್ಲಿ ಮೂರು ಮಾತು ಇರಲೇಬೇಕು: ಯಾವ್ಯಾವ ಮಾದಕ ವಸ್ತು ಹುಡುಕುತ್ತಾರೆ, ಪಾಸಿಟಿವ್ ಬಂದರೆ ಎರಡನೇ ಪರೀಕ್ಷೆ ಎಲ್ಲಿ, ವರದಿ ಯಾರ ಕೈ ಸೇರುತ್ತದೆ. ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಕೇಳುವುದು ಉದ್ಧಟತನವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ.

ಅಮೆರಿಕದ ಆಸ್ಪತ್ರೆಗಳಿಗೆ ಇಲೆಕ್ಟಿವ್‌ಗೆ ಹೋಗುವವರಿಗೆ ಇದು ಹೊಸದಲ್ಲ. ಅಲ್ಲಿ ಅನೇಕ ಕಡೆ ವಾರ್ಡಿಗೆ ಕಾಲಿಡುವ ಮೊದಲೇ ಮೂತ್ರ ಪರೀಕ್ಷೆಯ ವರದಿ ಕೊಡಬೇಕು.

ನುಂಗಿದ್ದನ್ನೆಲ್ಲ ಬರೆದಿಡಿ

ಇದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಕಳೆದ ಎರಡು ವಾರದಲ್ಲಿ ತೆಗೆದುಕೊಂಡ ಪ್ರತಿ ಮಾತ್ರೆ, ಸಿರಪ್ಪಿನ ಹೆಸರು ಬರೆದು, ಸ್ಯಾಂಪಲ್ ಕೊಡುವ ಮುಂಚೆಯೇ ಒಪ್ಪಿಸಿ. ಚೀಟಿ ಇದ್ದರೆ ಜೊತೆಗಿಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಅಫೀಮಿನ ಗುಂಪಿನಲ್ಲಿ ಪಾಸಿಟಿವ್ ತೋರಿಸುತ್ತದೆ. ಭೇದಿಗೋ ಜ್ವರಕ್ಕೋ ತೆಗೆದುಕೊಂಡ ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಕೂಡ ಕೆಲವು ಕಿಟ್‌ಗಳಲ್ಲಿ ಹಾಗೆಯೇ ದಾರಿ ತಪ್ಪಿಸುತ್ತವೆ. ನೆಗಡಿ ಮಾತ್ರೆಯ ಸೂಡೊಎಫೆಡ್ರಿನ್ ಆ್ಯಂಫೆಟಮಿನ್ ಎಂಬ ಅನುಮಾನ ಹುಟ್ಟಿಸಬಹುದು.

ಇನ್ನು ಗಸಗಸೆ. ಗೋಧಿ ಹುಗ್ಗಿಗೆ ಉದುರಿಸಿದ ಚಿಟಿಕೆಯಿಂದ ಹೆದರಬೇಕಿಲ್ಲ, ಆದರೆ ಗಸಗಸೆ ಪಾಯಸವನ್ನು ಬಟ್ಟಲುಗಟ್ಟಲೆ ಕುಡಿದವರ ಮೂತ್ರದಲ್ಲಿ ಒಂದೆರಡು ದಿನ ಮಾರ್ಫಿನ್ ಅಂಶ ನಿಜವಾಗಿಯೂ ಇರುತ್ತದೆ. ದೊಡ್ಡ ಯಂತ್ರದಲ್ಲಿ ಮತ್ತೆ ಪರೀಕ್ಷಿಸಿದರೂ ಸಿಗುವುದು ಮಾರ್ಫಿನ್ನೇ. ಆದ್ದರಿಂದ ವರದಿಗೆ ಅರ್ಥ ಹೇಳುವ ಮುನ್ನ ವೈದ್ಯರೊಬ್ಬರು ವಿದ್ಯಾರ್ಥಿಯನ್ನು ಕೂರಿಸಿಕೊಂಡು ಮಾತಾಡಲೇಬೇಕು.

ಸ್ಯಾಂಪಲ್ ಕೊಡುವಾಗ

ಕನಿಷ್ಠ 45 ಮಿಲಿ ಮೂತ್ರ ಬೇಕು. ಕೊಟ್ಟ ನಾಲ್ಕು ನಿಮಿಷದೊಳಗೆ ಕಪ್ಪಿನ ಮೇಲಿನ ಪಟ್ಟಿ 32ರಿಂದ 38 ಡಿಗ್ರಿ ತೋರಿಸಿದರೆ ಮೂತ್ರ ತಾಜಾ ಎಂದರ್ಥ. ಆದರೆ ಏಪ್ರಿಲ್-ಮೇ ಬಿಸಿಲಿಗೆ ಕಲಬುರಗಿಯ ಕೋಣೆಯೇ 40 ಡಿಗ್ರಿ ಕಾದಿರುವಾಗ ಈ ಅಳತೆಯಿಂದ ಏನೂ ತಿಳಿಯದು. ಹಾಗಾಗಿ ಎಸಿ ಇರುವ ಕೋಣೆಯಲ್ಲೇ ತೆಗೆದುಕೊಳ್ಳಲಿ. ಲೀಟರುಗಟ್ಟಲೆ ನೀರು ಕುಡಿದು ಹೋಗಬೇಡಿ. ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆ ಬಂದರೆ ಸ್ಯಾಂಪಲ್ ತೆಳುವಾಗಿದೆ ಎಂದು ಮತ್ತೆ ಕರೆಸುತ್ತಾರೆ. ಮೂತ್ರವನ್ನು ನಿಮ್ಮೆದುರೇ ಎರಡು ಬಾಟಲಿಗೆ ಹಂಚಿ, ಸೀಲ್ ಮಾಡಿ, ಸೀಲಿನ ಮೇಲೆ ನಿಮ್ಮ ಸಹಿ ಪಡೆಯಬೇಕು. ಎರಡನೆಯದು ತಕರಾರು ಬಂದಾಗ ನಿಮ್ಮ ಕಡೆಯ ಸಾಕ್ಷಿ.

ಇಂಟರ್ನ್‌ಶಿಪ್‌ನ 12 ವಾರ ಸಮುದಾಯ ವೈದ್ಯಕೀಯಕ್ಕೆ ಮೀಸಲು. ಆಗ ನೀವು ಕಮಲಾಪುರದಂಥ ಕಡೆ ಇದ್ದರೆ ಸ್ಯಾಂಪಲ್ ಸುಮಾರು 35 ಕಿ.ಮೀ. ದಾಟಿ ನಗರಕ್ಕೆ ಬರಬೇಕು. ಐಸ್ ಬಾಕ್ಸಿನಲ್ಲಿ ಬರಲಿ. ಯಾರು ಒಯ್ದರು, ಎಷ್ಟು ಗಂಟೆಗೆ ಕೊಟ್ಟರು ಎಂಬುದು ಚೀಟಿಯಲ್ಲಿ ದಾಖಲಾಗಲಿ. ಬೈಕಿನ ಡಿಕ್ಕಿಯಲ್ಲಿ ಬಂದ ಬಾಟಲಿಯನ್ನು ಲ್ಯಾಬ್ ಸ್ವೀಕರಿಸಲೇಬಾರದು.

ಗೆರೆ ಓದುವುದು

ಡ್ರಗ್ಸ್ ಸ್ಟ್ರಿಪ್ ಪ್ರೆಗ್ನೆನ್ಸಿ ಕಿಟ್‌ಗೆ ತದ್ವಿರುದ್ಧ. ಇಲ್ಲಿ ಎರಡು ಗೆರೆ ಬಂದರೆ ನೆಗೆಟಿವ್, ಎರಡನೆಯದು ಎಷ್ಟೇ ಮಸುಕಾಗಿರಲಿ. ಕಂಟ್ರೋಲ್ ಗೆರೆ ಮಾತ್ರ ಮೂಡಿದರೆ ಪಾಸಿಟಿವ್, ಕಂಟ್ರೋಲ್ ಗೆರೆಯೇ ಇಲ್ಲದಿದ್ದರೆ ಸ್ಟ್ರಿಪ್ ಕೆಟ್ಟಿದೆ. ಆ ಪಾಸಿಟಿವ್ ಕೂಡ ಬರೀ ಅನುಮಾನ. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಖಚಿತವಾಗುವವರೆಗೆ ಯಾರ ಹೆಸರೂ ವಾಟ್ಸ್‌ಆ್ಯಪ್ ಗ್ರೂಪಿಗೆ, ನೋಟಿಸ್ ಬೋರ್ಡಿಗೆ ಹೋಗಬಾರದು. ದಿನಾ ಗಾಂಜಾ ಸೇದುವವರಲ್ಲಿ ಬಿಟ್ಟ ಮೇಲೂ ತಿಂಗಳವರೆಗೆ ಪಾಸಿಟಿವ್ ಬರಬಹುದು. ಅಂದರೆ ಈ ವರದಿ ಹಿಂದಿನ ಸೇವನೆಯನ್ನು ಹೇಳುತ್ತದೆಯೇ ಹೊರತು ಡ್ಯೂಟಿಯಲ್ಲಿ ನಶೆಯಲ್ಲಿದ್ದರೆಂದು ಹೇಳುವುದಿಲ್ಲ.

ಕಾಲೇಜಿನವರಿಗೂ ಒಂದು ಮಾತು. ಆಪರೇಷನ್ ಥಿಯೇಟರಿನ ಟ್ರೇಯಲ್ಲಿ ಕೈಗೆ ಸಿಗುವ ಫೆಂಟನಿಲ್, ಕೆಟಮಿನ್, ಪ್ರೊಪೊಫಾಲ್ ಮಾಮೂಲಿ ಐದು ಗುಂಪಿನ ಸ್ಟ್ರಿಪ್‌ನಲ್ಲಿ ಕಾಣುವುದೇ ಇಲ್ಲ. ರೋಗಿಯ ಸುರಕ್ಷತೆಯೇ ಗುರಿಯಾದರೆ ಖಾಲಿ ಆಂಪ್ಯೂಲ್ ಎಣಿಸಿ, ಉಳಿದ ಔಷಧವನ್ನು ಇಬ್ಬರೆದುರು ಚೆಲ್ಲಿ, ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕುವ ಪದ್ಧತಿಯನ್ನು ಮೊದಲು ಬಿಗಿ ಮಾಡಿ.

ನಿಜಕ್ಕೂ ಚಟ ಇದ್ದರೆ

ಟೆಸ್ಟಿಗೆ ಕರೆ ಬರುವವರೆಗೆ ಕಾಯಬೇಡಿ. ಗಾಂಜಾ ಸೇವನೆಗೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ಅದೇ ಕಾಯ್ದೆಯ 64ಎ ಕಲಮು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ; ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು. ನಿಮ್ಮದೇ ಕಾಲೇಜಿನ ಮನೋರೋಗ ವಿಭಾಗಕ್ಕೆ ಹೋಗಲು ಸಂಕೋಚವಾದರೆ ಊರಿನ ಇನ್ನೊಂದು ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.

ಪಾಲಕರೇ, ಮಗ ಅಥವಾ ಮಗಳು ಬಾಯಿಬಿಟ್ಟು ಹೇಳಿದ ದಿನ ಬಯ್ಯಬೇಡಿ, ಮರುದಿನವೇ ಜೊತೆಗೆ ಹೊರಡಿ. ನೈಟ್ ಡ್ಯೂಟಿ ನೆಪದಲ್ಲಿ ಅಲ್ಪ್ರಜೋಲಾಮ್ ಅಭ್ಯಾಸವಾಗಿದ್ದರೆ, ಇಲ್ಲವೇ ದಿನಾ ಕುಡಿತವಿದ್ದರೆ, ಟೆಸ್ಟಿಗೆ ಹೆದರಿ ಒಮ್ಮೆಲೇ ಬಿಡಬಾರದು. ಫಿಟ್ಸ್ ಬರುವ ಅಪಾಯವಿದೆ. ಎಷ್ಟು, ಹೇಗೆ ಇಳಿಸಬೇಕೆಂದು ವೈದ್ಯರೇ ಬರೆದುಕೊಡಬೇಕು.