ಹುಡುಕುವವರ ಮೊದಲನೆಯ ಪಾಠ

ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟಿ, ಬೈಲಹೊಂಗಲ ಸೀಮೆಯನ್ನು ದಾಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ರಾಮದುರ್ಗದ ಕಡೆಗೆ ಇಳಿಯುತ್ತದೆಂಬದನ್ನು ನಮ್ಮ ವಾಚಕರು ಬಲ್ಲರು. 2019ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟಿನಿಂದ ಬಹಳ ನೀರನ್ನು ಬಿಡಬೇಕಾಗಿ ಬಂದಾಗ ನದಿಯು ರಾಮದುರ್ಗದ ಓಣಿಗಳೊಳಗೆ ಹೊಕ್ಕಿತು. ಅಂಥ ಹೊತ್ತಿನಲ್ಲಿ ಸರಕಾರದ ದಳವು ಬಂದು ಮುಟ್ಟುವ ತನಕ ಕೈಕೊಡುವವರು ನೆರೆಯವರೇ. ಆದಕಾರಣ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ‘ಆಪದ ಮಿತ್ರ’ ಎಂಬ ಯೋಜನೆಯನ್ನು ಹೂಡಿ ಊರ ಜನರಿಗೇ ರಕ್ಷಣೆಯ ಕೆಲಸವನ್ನು ಕಲಿಸತೊಡಗಿತು. ನಾವು ಸಹ ಈ ನಾಲ್ಕು ತಾಲೂಕುಗಳ ಕೆಲವರ ಸಂಗಡ, ಸ್ವಇಚ್ಛೆಯಿಂದ, ಒಂದು ದಿನದ ಅಭ್ಯಾಸಕ್ಕೆ ಹೋಗಿದ್ದೆವು.

ಶಿಕ್ಷಕರು ಒಂದು ಹಾಳುಮನೆಯನ್ನು ತೋರಿಸಿ, ಇದರೊಳಗೆ ಜನರು ಸಿಕ್ಕಿಕೊಂಡಿದ್ದಾರೆ, ಹುಡುಕಿರಿ, ಎಂದು ಹೇಳಿದ ಕೂಡಲೇ ನಾವು ಹದಿನಾಲ್ಕು ಮಂದಿ ಕೂಗಾಡುತ್ತಾ ಒಳನುಗ್ಗಿದೆವು. ಒಬ್ಬನು ತೊಲೆಯನ್ನು ಎಳೆದನು. ಮತ್ತೊಬ್ಬನು ಕುಸಿದ ಮಣ್ಣಿನ ಮೇಲೆಯೇ ಹತ್ತಿ ನಿಂತನು. ಎರಡು ಹುಲ್ಲಿನ ಬೊಂಬೆಗಳು ಸಿಕ್ಕಿದವು. ಕೆಲಸ ತೀರಿತೆಂದು ಸಂತೋಷದಿಂದ ಹೊರಗೆ ಬಂದೆವು. ಆಗ ಗೋದಲಿಯ ಹಿಂದೆ ಹುಲ್ಲಿನೊಳಗೆ ಮಲಗಿಸಲ್ಪಟ್ಟಿದ್ದ ಒಬ್ಬ ಹುಡುಗನು ತಾನಾಗಿ ಎದ್ದು ಬಂದು, “ನಾ ನಾಕು ಸಲ ಓ ಅಂದ್ನಿ ಕಾಕಾ, ನಿಮ್ಮ ಗದ್ಲದಾಗ ಯಾರಿಗೂ ಕೇಳ್ಸಲಿಲ್ಲ” ಅಂದನು. ನಾವು ಅವನ ಮಗ್ಗುಲಲ್ಲಿಯೇ ಎರಡು ಸಾರಿ ದಾಟಿಹೋಗಿದ್ದೆವು! ಬೊಂಬೆಯಾಗಿದ್ದರೆ ನಗಬಹುದಾಗಿತ್ತು.

ಎರಡನೆಯ ಸಾರಿ ನಮ್ಮನ್ನು ಒಳಗೆ ಬಿಡಲಿಲ್ಲ. ಮನೆಯಲ್ಲಿ ಎಷ್ಟು ಜನರು, ಯಾರು ಎಲ್ಲಿ ಮಲಗುತ್ತಾರೆ, ಯಾರು ಹೊಲಕ್ಕೆ ಹೋಗಿದ್ದಾರೆ ಎಂದು ಮೊದಲು ನೆರೆಯವರನ್ನು ಕೇಳಿ ಲೆಕ್ಕವನ್ನು ಬರೆಯತಕ್ಕದ್ದೆಂದು ಹೇಳಲ್ಪಟ್ಟಿತು. ನೂರರಲ್ಲಿ ಒಂದು ಕುರಿ ತಪ್ಪಿತೆಂದು ಕುರುಬನಿಗೆ ತಿಳಿದದ್ದು ಎಣಿಸಿದ್ದರಿಂದಲ್ಲವೇ? ಬಳಿಕ ನಾವು ಮನೆಯ ಸುತ್ತಲೂ ದೂರ ದೂರ ನಿಂತೆವು. ಟ್ರಾಕ್ಟರು ನಿಲ್ಲಿಸಲ್ಪಟ್ಟಿತು, ಮೊಬೈಲುಗಳು ಮುಚ್ಚಲ್ಪಟ್ಟವು. ಒಬ್ಬನು ಮಾತ್ರ, “ಒಳಗಿದ್ದವರು ಕೂಗಿರಿ, ಇಲ್ಲವೇ ಬಡಿಯಿರಿ” ಎಂದು ಕರೆದು ಸುಮ್ಮನಾದನು. ಸದ್ದು ಕೇಳಿದವರು ಬಾಯಿ ತೆರೆಯದೆ ಅದು ಬಂದ ದಿಕ್ಕಿಗೆ ಕೈಚಾಚಿದರು. ಆ ಕೈಗಳ ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲಿ ಅಗೆಯಬೇಕು. ಅದೇ ಹುಡುಗನು ಸ್ವಲ್ಪ ಹೊತ್ತಿನಲ್ಲಿಯೇ ಸಿಕ್ಕಿದನು.

ಈ ಮೌನವು ಆಟವಲ್ಲ. ಕಿತ್ತೂರಿಗೆ ಸಮೀಪವಾದ ಧಾರವಾಡದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ದೊಡ್ಡ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. ಆದರೂ 22ನೇ ತಾರೀಖಿನಲ್ಲಿಯೂ ಅದರ ಕೆಳಗಿಂದ ಕೆಲವರು ಜೀವಸಹಿತವಾಗಿ ಹೊರಗೆ ತರಲ್ಪಟ್ಟರು.

ಮಧ್ಯಾಹ್ನದಲ್ಲಿ ನೀರಿನ ಪಾಠ. ಈಜು ಬಲ್ಲ ನಮ್ಮ ತರುಣರಿಗೆ ಇದು ರುಚಿಸಲಿಲ್ಲ. ಯಾಕಂದರೆ ನೀರಿಗೆ ಹಾರುವದು ಎಲ್ಲಕ್ಕಿಂತ ಕಡೆಯ ಉಪಾಯವೆಂದು ಕಲಿಸಿದರು. ಮುಳುಗುವವನು ರಕ್ಷಿಸಲು ಬಂದವನ ಕುತ್ತಿಗೆಯನ್ನೇ ಅಪ್ಪಿಕೊಳ್ಳುವನು. ಮೊದಲು ಗಳವನ್ನು ಚಾಚಬೇಕು; ನಿಲುಕದಿದ್ದರೆ ಹಗ್ಗವನ್ನಾಗಲಿ, ಬಾಯಿ ಬಿಗಿದ ಬರಿದಾದ ಕೊಡವನ್ನಾಗಲಿ ಎಸೆಯಬೇಕು. ಹರಿಯುವ ನೀರು ಮೊಣಕಾಲಿನಷ್ಟೇ ಇದ್ದರೂ ಗಟ್ಟಿಮುಟ್ಟಾದ ಆಳನ್ನು ಕೆಡವೀತು. ಮುಳುಗಿದವನನ್ನು ದಡಕ್ಕೆ ತಂದ ಮೇಲೆ ತಲೆಕೆಳಗೆ ಮಾಡಿ ತಿರುಗಿಸುವದೂ ಹೊಟ್ಟೆಯನ್ನು ಒತ್ತುವದೂ ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಇದರಿಂದ ಹೊತ್ತು ಕಳೆದು ಜೀವವೇ ಹೋದೀತು. ಉಸಿರಿಲ್ಲದವನ ಬಾಯೊಳಗೆ ಮೊದಲು ಉಸಿರನ್ನು ಊದಿ, ತರುವಾಯ ಎದೆಯ ನಡುವೆ 30 ಸಾರಿ ಒತ್ತಿ 2 ಸಾರಿ ಊದುವದನ್ನು ಬಿಡದೆ ನಡಿಸಬೇಕು. ಅಷ್ಟರಲ್ಲಿ ಮತ್ತೊಬ್ಬನು 112ಕ್ಕೆ ಕರೆಮಾಡಬೇಕು. ಬೊಂಬೆಯ ಎದೆಯನ್ನು ಎರಡು ನಿಮಿಷ ಒತ್ತುವದರೊಳಗೆ ನಮ್ಮ ತೋಳುಗಳು ಸೋತವು. ಸರದಿಯ ಮೇಲೆ ಒತ್ತಬೇಕೆಂಬದನ್ನು ಯಾರೂ ಹೇಳಬೇಕಾಗಲಿಲ್ಲ.

ತಿರುಗಿ ಬಂದ ಮೇಲೆ ನಮ್ಮ ಓಣಿಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಯಾರು ಎದ್ದು ನಡೆಯಲಾರರು ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡೆವು. ಕೆಲವರು ನಕ್ಕರು. ಕಿವಿ ಕೇಳದ ಒಬ್ಬ ಅಜ್ಜಿಯು ಹಿತ್ತಲ ಕೋಣೆಯಲ್ಲಿ ಒಬ್ಬಳೇ ಮಲಗುತ್ತಾಳೆಂಬದು ಪಕ್ಕದ ಮನೆಯವರಿಗೇ ಗೊತ್ತಿರಲಿಲ್ಲ. ಕರೆದರೆ ಓ ಅನ್ನಲಾರದ ಆಕೆಯ ಹೆಸರನ್ನು ಪಟ್ಟಿಯ ಮೊದಲನೆಯ ಸಾಲಿನಲ್ಲಿ ಬರೆದೆವು.